ಬೆನ್ನೆಲುಬಿನ ಪಾಠಾಂತರಗಳು

ಬೆನ್ನುನೋವಿನವರು ಕುಲಗೋಡದಂಥ ಊರಿನಿಂದ ಹೊರಟು ಗೋಕಾಕಕ್ಕೆ, ಅಲ್ಲಿಂದ ಬೆಳಗಾವಿಗೋ ಮೀರಜಿಗೋ ಹೋಗಿ ಬಂದರೆಂದರೆ ಅವರ ಕೈಯಲ್ಲೊಂದು ದೊಡ್ಡ ಲಕೋಟೆ ಇದ್ದೇ ಇರುತ್ತದೆ. ಅದರೊಳಗೆ ಕರಿಯ ಹಾಳೆಗಳು. ಹಾಳೆಯ ಮೇಲೆ ಸಾಲುಸಾಲಾಗಿ ಬೂದುಬಣ್ಣದ ಚಿಕ್ಕ ಚಿಕ್ಕ ಚಿತ್ರಗಳು. ಜೊತೆಗೊಂದು ಇಂಗ್ಲಿಷ್ ವರದಿ. ಮಾತನಾಡಿಸಲು ಬಂದವರೆಲ್ಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ, ತಲೆದೂಗುತ್ತಾರೆ, ಮತ್ತೆ ಲಕೋಟೆಗೆ ಸೇರಿಸುತ್ತಾರೆ. ಆ ಚಿತ್ರಗಳನ್ನು ಈಗ ವೈದ್ಯರೊಡನೆ ಗಣಕಯಂತ್ರವೂ ಓದುತ್ತಿದೆ. ಅದು ಹೇಗೆ ಓದುತ್ತದೆ, ಎಲ್ಲಿ ಎಡವುತ್ತದೆ ಎಂಬುದೇ ಈ ಭಾಷಣದ ವಿಷಯ.

ಕನ್ನಡ ಪಾಠ ಹೇಳಿಕೊಂಡಿದ್ದವನಿಗೆ ಇದರಲ್ಲೇನು ಕೆಲಸ ಎಂದು ನೀವು ಕೇಳಬಹುದು. ಗಣಕಯಂತ್ರ ಇಲ್ಲಿ ಮಾಡುವ ಕೆಲಸಗಳು ಎರಡು. ಒಂದು, ಬಿಡಿಸುವುದು: ಚಿತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಎಲುಬುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದಕ್ಕೂ ಅದರ ಹೆಸರನ್ನು ಹಚ್ಚುವುದು. ಎರಡು, ಕೂಡಿಸುವುದು: ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ದಿನ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂಡುವಂತೆ ಹೊಂದಿಸುವುದು. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಗ್ರಂಥಸಂಪಾದನೆಗೆ ಕುಳಿತವರು ಮಾಡುತ್ತ ಬಂದಿರುವುದೂ ಇವೇ ಎರಡು ಕೆಲಸಗಳನ್ನು. ಪದಗಳ ನಡುವೆ ತೆರಪಿಲ್ಲದ ಬರಹವನ್ನು ಬಿಡಿಸಬೇಕು. ಅನೇಕ ಪ್ರತಿಗಳ ಪಾಠಗಳನ್ನು ಕೂಡಿಸಬೇಕು. ಡಿ.ಎಲ್. ನರಸಿಂಹಾಚಾರ್ಯರಂಥವರು ಶಾಸ್ತ್ರವಾಗಿ ನಿರೂಪಿಸಿದ ಈ ವಿದ್ಯೆಯ ಕಷ್ಟಗಳೆಲ್ಲ, ಎಲುಬಿನ ವಿಷಯಕ್ಕೆ ಬಂದಾಗ ರೂಪ ಬದಲಿಸಿ ಎದುರಾಗುತ್ತವೆ.

ಮೊದಲು ಎಲುಬಿನ ಲೆಕ್ಕ. ಬೆನ್ನೆಲುಬು ಒಂದೇ ಎಲುಬಲ್ಲ, ಸರದಂತೆ ಪೋಣಿಸಿದ ತುಂಡುಗಳ ಸಾಲು. ಶಾಸ್ತ್ರದಲ್ಲಿ ಇವಕ್ಕೆ ಕಶೇರುಗಳೆಂದು ಹೆಸರು. ಮರಾಠಿಯವರು ‘ಮಣಕಾ’ ಎನ್ನುತ್ತಾರೆ, ಅಂದರೆ ಮಣಿ. ನಾನೂ ಮಣಿ ಎಂದೇ ಕರೆಯುತ್ತೇನೆ. ಗೋಣಿನಲ್ಲಿ 7, ಎದೆಯ ಹಿಂದೆ 12, ಟೊಂಕದಲ್ಲಿ 5, ಅದರ ಕೆಳಗೆ ಒಂದಾಗಿ ಬೆಸೆದುಕೊಂಡ 5, ತುದಿಯಲ್ಲಿ ಬಾಲದ ಅವಶೇಷವಾದ ಸುಮಾರು 4. ವೈದ್ಯರು ಇವುಗಳನ್ನು ಸಿ, ಟಿ, ಎಲ್, ಎಸ್ ಎಂಬ ಅಕ್ಷರಗಳಿಂದಲೂ ಅಂಕಿಗಳಿಂದಲೂ ಗುರುತಿಸುತ್ತಾರೆ. ‘ಎಲ್-4’ ಎಂದರೆ ಟೊಂಕದ ನಾಲ್ಕನೆಯ ಮಣಿ. ವರದಿಯಲ್ಲಿ ‘ಎಲ್-4, ಎಲ್-5’ ಎಂದಿದ್ದರೆ ಆ ಎರಡು ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕು, ಎಂದು ಅರ್ಥ. ಈ ಅಂಕಿಗಳ ಮೇಲೆ ತುಸು ಗಮನವಿರಲಿ. ಮುಂದೆ ಎಲ್ಲ ತೊಡಕೂ ಅಲ್ಲಿಂದಲೇ ಹುಟ್ಟುತ್ತದೆ.

ಇನ್ನು ಚಿತ್ರಗಳು. ಸಿ.ಟಿ. ಎಂಬ ಚಿತ್ರವನ್ನು ತೆಗೆಯುವ ಯಂತ್ರವನ್ನು ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ರೂಪಿಸಿದ. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆಯ ಚಿತ್ರವನ್ನು ಅದು ತೆಗೆಯಿತು. ಯಂತ್ರ ಎಕ್ಸ್-ಕಿರಣವನ್ನು ಸುತ್ತಲಿನ ಎಲ್ಲ ದಿಕ್ಕುಗಳಿಂದ ಹಾಯಿಸಿ, ಪ್ರತಿ ದಾರಿಯಲ್ಲಿ ಎಷ್ಟು ಕಿರಣ ಒಳಗೇ ಉಳಿಯಿತೆಂದು ಅಳೆಯುತ್ತದೆ. ಮಕ್ಕಳಿಗೆ ಕೊಡುವ ಒಂದು ಲೆಕ್ಕವುಂಟು: ಚೌಕದ ಮನೆಗಳಲ್ಲಿನ ಅಂಕಿಗಳನ್ನು ಮುಚ್ಚಿ, ಅಡ್ಡಸಾಲು, ಉದ್ದಸಾಲು, ಓರೆಸಾಲುಗಳ ಮೊತ್ತವನ್ನು ಮಾತ್ರ ಹೇಳಿ, ಒಳಗಿನ ಅಂಕಿಗಳನ್ನು ಕಂಡುಹಿಡಿಯಿರಿ ಎನ್ನುವುದು. ಸಿ.ಟಿ. ಮಾಡುವುದು ಇದೇ ಲೆಕ್ಕವನ್ನು. ಇದು ಸಾಧ್ಯವೆಂಬುದನ್ನು ಆಸ್ಟ್ರಿಯದ ಗಣಿತಜ್ಞ ರಾಡಾನ್ 1917ರಲ್ಲಿಯೇ ತೋರಿಸಿದ್ದ. ಆದರೆ ಸಾಧ್ಯವೆನ್ನುವುದು ಬೇರೆ, ಬೇಗ ಮುಗಿಯುವಂತೆ ಮಾಡುವುದು ಬೇರೆ.

ಇಲ್ಲಿ ನಮ್ಮ ನಾಡಿನ ಹೆಸರೊಂದು ಬರುತ್ತದೆ. ಹೌನ್ಸ್‌ಫೀಲ್ಡನ ಯಂತ್ರ ಮೊದಲ ಚಿತ್ರ ತೆಗೆದ ಆ 1971ರಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಹಾಗೂ ಎ.ವಿ. ಲಕ್ಷ್ಮೀನಾರಾಯಣನ್ ಒಂದು ಲೇಖನವನ್ನು ಪ್ರಕಟಿಸಿದರು. ಅಳತೆಗಳನ್ನು ಬಂದ ದಿಕ್ಕಿಗೇ ಹಿಂದಕ್ಕೆ ಹರಡಿದರೆ ಚಿತ್ರವೇನೋ ಮೂಡುತ್ತದೆ. ಆದರೆ ನೀರಿನಲ್ಲಿ ನೆನೆದ ಶಾಯಿಯಂತೆ ಅಂಚುಗಳು ಹರಡಿಹೋಗಿರುತ್ತವೆ. ಹರಡುವುದಕ್ಕೆ ಮುಂಚೆ ಪ್ರತಿ ಅಳತೆಯನ್ನೂ ಒಂದು ನಿಯತವಾದ ಕ್ರಮದಲ್ಲಿ ಸೋಸಿಬಿಟ್ಟರೆ, ಹಿಂದಿನ ಸುತ್ತುಬಳಸಿನ ಗಣಿತವಿಲ್ಲದೆಯೇ ತಿಳಿಯಾದ ಚಿತ್ರ ಬರುತ್ತದೆಂದು ಇವರು ತೋರಿಸಿದರು. ಖಗೋಳದ ಕೆಲಸದಲ್ಲಿ ಬ್ರೇಸ್‌ವೆಲ್, ರಿಡ್ಲ್ ಎಂಬವರು 1967ರಲ್ಲಿ ಇಂಥದೇ ದಾರಿ ಹಿಡಿದಿದ್ದರೆಂಬುದನ್ನೂ ಹೇಳಬೇಕು. ಆದರೂ ಆ ಸೋಸುವ ಕ್ರಮಕ್ಕೆ ಇಂದಿಗೂ ‘ರಾಮ್-ಲ್ಯಾಕ್’ ಎಂದೇ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಹೆಸರು. ಪ್ರೋಟೀನುಗಳ ರಚನೆಯ ಸಂಶೋಧನೆಯಿಂದ ರಾಮಚಂದ್ರನ್ ಹೆಸರು ಕೇಳಿದವರು ಬಹಳ. ಅವರ ಈ ಕೆಲಸವನ್ನು ಕೇಳಿದವರು ಕಡಿಮೆ. ನಮ್ಮ ಪತ್ರಿಕೆಗಳು ಇದನ್ನು ಇನ್ನಷ್ಟು ಹೇಳಬಹುದಾಗಿತ್ತು.

ಸಿ.ಟಿ. ಚಿತ್ರ ನಿಜವಾಗಿ ಚಿತ್ರವಲ್ಲ, ಅಂಕಿಗಳ ಕೋಷ್ಟಕ. ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಎಲುಬಿಗೆ ನೂರಾರು, ಗಟ್ಟಿ ಎಲುಬಿಗೆ ಸಾವಿರ ಮೀರಿದ್ದೂ ಉಂಟು. ಹೌನ್ಸ್‌ಫೀಲ್ಡನ ಮೊದಲ ಚಿತ್ರದ ಒಂದು ಪದರಿನಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80 ಮನೆಗಳಿದ್ದವು. ಈಗ ಒಂದು ಪದರಿಗೆ 512ರಂತೆ 512. ಬೆನ್ನೆಲುಬನ್ನು ಒಂದೊಂದು ಮಿಲಿಮೀಟರಿಗೆ ಒಂದು ಪದರಿನಂತೆ 600 ಪದರು ತೆಗೆದರೆ ಹದಿನೈದು ಕೋಟಿಗೂ ಮೀರಿದ ಅಂಕಿಗಳಾಗುತ್ತವೆ. ಮನುಷ್ಯನೊಬ್ಬ ಇಷ್ಟನ್ನೂ ಬೆರಳಿಟ್ಟು ಓದುವುದು ಆಗದ ಮಾತು.

ಎಂ.ಆರ್.ಐ. ಬೇರೆಯ ಬಗೆ. ಅಲ್ಲಿ ಎಕ್ಸ್-ಕಿರಣವಿಲ್ಲ, ಬಲವಾದ ಅಯಸ್ಕಾಂತದೊಳಗೆ ದೇಹದ ನೀರು, ಕೊಬ್ಬುಗಳಲ್ಲಿನ ಹೈಡ್ರೋಜನ್ ಪರಮಾಣುಗಳು ಕೊಡುವ ಸಂಕೇತದಿಂದ ಚಿತ್ರ ಹುಟ್ಟುತ್ತದೆ. ಆದ್ದರಿಂದ ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುವ ಎಲುಬಿನ ಗಟ್ಟಿಯಾದ ಹೊರಪದರು ಇಲ್ಲಿ ಕಪ್ಪು. ಸಿ.ಟಿ.ಯಲ್ಲಿ ಮಸುಕಾಗಿ ಕಾಣುವ ಮೆತ್ತೆ, ನರ, ಬೆನ್ನುಹುರಿಗಳು ಇಲ್ಲಿ ಸ್ಪಷ್ಟ. ಒಂದು ಎಲುಬಿನ ಸಾಕ್ಷಿ, ಇನ್ನೊಂದು ನರದ ಸಾಕ್ಷಿ.

ಈಗ ಬಿಡಿಸುವ ಕೆಲಸಕ್ಕೆ ಬರೋಣ. ‘ಅವನಿಗೆ’ ಎಂದು ಓಲೆಯಲ್ಲಿ ಬರೆದಿದೆಯೆನ್ನಿ. ಅವನ್ ಎಂಬಲ್ಲಿ ಕತ್ತರಿಸಿದರೆ ‘ಆ ಮನುಷ್ಯನಿಗೆ’ ಎಂದಾಯಿತು. ಅವನಿ ಎಂಬಲ್ಲಿ ಕತ್ತರಿಸಿದರೆ ‘ಭೂಮಿಗೆ’ ಎಂದಾಯಿತು. ಅಕ್ಷರಗಳು ಅವೇ, ಗೆರೆ ಎಳೆಯುವ ಜಾಗ ಬೇರೆ. ಬೆನ್ನೆಲುಬಿನಲ್ಲಿಯೂ ಹೀಗೆಯೇ. ವ್ಯಾಕರಣದಲ್ಲಿ ಪದಗಳು ಕೂಡುವುದಕ್ಕೂ ದೇಹದಲ್ಲಿ ಎಲುಬುಗಳು ಕೂಡುವುದಕ್ಕೂ ನಾವು ಸಂಧಿಯೆಂಬ ಒಂದೇ ಮಾತನ್ನು ಬಳಸುತ್ತೇವಲ್ಲ, ಅದು ಸುಮ್ಮನೆ ಅಲ್ಲ. ಎರಡು ಮಣಿಗಳ ಹಿಂಭಾಗದ ಚಿಕ್ಕ ಸಂಧಿಗಳಲ್ಲಿ ನಡುವಿನ ಬಿರುಕು ಒಂದೆರಡು ಮಿಲಿಮೀಟರು. ವಯಸ್ಸಾದವರಲ್ಲಿ ಅದೂ ಸವೆದು ಮುಚ್ಚಿರುತ್ತದೆ. ಅಲ್ಲಿ ಒಂದು ಮಣಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಹೇಳುವುದು ಸುಲಭವಲ್ಲ.

ಮೊದಮೊದಲು ಹಿಡಿದ ದಾರಿ ಸರಳವಾಗಿತ್ತು: ಇಂತಿಷ್ಟು ಅಂಕಿಗಿಂತ ಮೇಲಿರುವುದೆಲ್ಲ ಎಲುಬು, ಕೆಳಗಿರುವುದೆಲ್ಲ ಎಲುಬಲ್ಲ ಎನ್ನುವುದು. ಆದರೆ ಮುಪ್ಪಿನಲ್ಲಿ ಎಲುಬು ಟೊಳ್ಳಾಗಿ ಅಂಕಿ ಇಳಿಯುತ್ತದೆ. ಸುಣ್ಣಗಟ್ಟಿದ ರಕ್ತನಾಳ ಎಲುಬಿನಂತೆ ಹೊಳೆಯುತ್ತದೆ. ಆಮೇಲೆ 1988ರಲ್ಲಿ ಕ್ಯಾಸ್, ವಿಟ್ಕಿನ್, ಟೆರ್ಜೋಪೌಲಸ್ ಎಂಬ ಮೂವರು ‘ಹಾವು’ ಎಂಬ ಹೆಸರಿನ ವಿಧಾನವನ್ನು ಪ್ರಕಟಿಸಿದರು. ವಸ್ತುವಿನ ಸುತ್ತ ಒಂದು ಗೆರೆಯನ್ನು ಇಟ್ಟರೆ ಅದು ಹಾವಿನಂತೆ ಸರಿದಾಡುತ್ತ, ತೀರ ಮುರುಟದೆ, ಅಂಚು ಸಿಕ್ಕಿದಲ್ಲಿ ನಿಲ್ಲುತ್ತದೆ. ಚೆಂದದ ಕಲ್ಪನೆ. ಪಕ್ಕದ ಮಣಿಯ ಅಂಚನ್ನೇ ತನ್ನದೆಂದು ಹಿಡಿದು ಕೂರುವ ಚಾಳಿ ಮಾತ್ರ ಅದಕ್ಕೆ ಬಿಡಲಿಲ್ಲ.

ಈಗ ನಡೆಯುತ್ತಿರುವುದು ಕಲಿಸುವ ವಿಧಾನ. ಪರಿಣತರು ಕೈಯಾರೆ ಗುರುತು ಹಾಕಿದ ನೂರಾರು ಚಿತ್ರಗಳನ್ನು ಗಣಕಯಂತ್ರದ ಮುಂದಿಟ್ಟು, ಅದು ತಪ್ಪಿದಾಗಲೆಲ್ಲ ಅದರ ಒಳಗಿನ ತೂಕಗಳನ್ನು ಸ್ವಲ್ಪ ಸ್ವಲ್ಪ ತಿದ್ದುತ್ತ ಹೋಗುವುದು. ಮರಳಿನ ಮೇಲೆ ಅಕ್ಷರ ತೀಡಿಸಿದಂತೆ, ಲಕ್ಷ ಸಲ. ಜರ್ಮನಿಯ ಫ್ರೈಬರ್ಗಿನ ರಾನೆಬರ್ಗರ್ ಮತ್ತು ಸಂಗಡಿಗರು 2015ರಲ್ಲಿ ರೂಪಿಸಿದ ‘ಯು-ನೆಟ್’ ಎಂಬ ಕಟ್ಟಡದ ಮೇಲೆಯೇ ಇವುಗಳಲ್ಲಿ ಹೆಚ್ಚಿನವು ನಿಂತಿವೆ. ಅದು ಚಿತ್ರವನ್ನು ಹಂತಹಂತವಾಗಿ ಕುಗ್ಗಿಸಿ ಒಟ್ಟು ರೂಪವನ್ನು ಗ್ರಹಿಸುತ್ತದೆ. ಮತ್ತೆ ಹಂತಹಂತವಾಗಿ ಹಿಗ್ಗಿಸುವಾಗ ಮೊದಲು ಕಂಡಿದ್ದ ಸೂಕ್ಷ್ಮ ವಿವರಗಳನ್ನು ಎತ್ತಿಕೊಂಡು ಅಂಚನ್ನು ನಿರ್ಧರಿಸುತ್ತದೆ. ಪದ್ಯದ ಛಂದಸ್ಸನ್ನು ಕಿವಿಯಲ್ಲಿಟ್ಟುಕೊಂಡು ಕಣ್ಣಿನಿಂದ ಅಕ್ಷರ ಬಿಡಿಸುವವನ ರೀತಿ ಇದು. 2023ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ಲಿನವರು 1204 ಸಿ.ಟಿ. ಚಿತ್ರಗಳ ಆಧಾರದಿಂದ ಸಿದ್ಧಗೊಳಿಸಿ ಪ್ರಕಟಿಸಿದ ತಂತ್ರಾಂಶವೊಂದು, ಬೆನ್ನಿನ ಒಂದೊಂದು ಮಣಿಯೂ ಸೇರಿದಂತೆ ದೇಹದ 104 ಭಾಗಗಳನ್ನು ಬಿಡಿಸಿ ತೋರಿಸುತ್ತದೆ. ಕೈಯಿಂದ ಮಾಡಿದರೆ ಗಂಟೆಗಟ್ಟಲೆ ಹಿಡಿಯುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ.

ಬಿಡಿಸಿದ್ದು ಸರಿಯೋ ಎಂದು ಅಳೆಯಲು ಒಂದು ಮಾನವುಂಟು. ಡೈಸ್ ಎಂಬ ಅಮೆರಿಕದ ಪರಿಸರವಿಜ್ಞಾನಿ 1945ರಲ್ಲಿ, ಎರಡು ಜೀವಜಾತಿಗಳು ಒಂದೆಡೆ ಕಾಣುವುದು ಎಷ್ಟು ಎಂದು ಅಳೆಯಲು ಹೇಳಿದ ಸೂತ್ರವನ್ನೇ ಇಲ್ಲಿಗೆ ತಂದಿದ್ದಾರೆ. ಪರಿಣತನ ಗೆರೆ, ಯಂತ್ರದ ಗೆರೆ ಪೂರ್ತಿ ಕೂಡಿದರೆ 1, ಕೂಡದಿದ್ದರೆ 0. ಒಳ್ಳೆಯ ತಂತ್ರಾಂಶಗಳು 0.9ನ್ನು ದಾಟುತ್ತವೆ. ಇದನ್ನು ಕೇಳಿ ಕೆಲಸ ಮುಗಿಯಿತೆಂದು ತಿಳಿಯುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಗೆರೆ ಎಳೆಯುವುದು ಅರ್ಧ ಕೆಲಸ, ಅದೂ ಸುಲಭವಾದ ಅರ್ಧ. ಹೆಸರು ಹಚ್ಚುವುದು, ಎಂದರೆ ಎಣಿಸುವುದು, ಉಳಿದ ಅರ್ಧ.

ಕೈಬರಹದ ಪ್ರತಿಗಳನ್ನು ಹೋಲಿಸಿದವರಿಗೆ ಈ ತೊಂದರೆ ಗೊತ್ತು. ಅಪರಾಳ ತಮ್ಮಣ್ಣನ ಕೃತಿಯಾಗಿ, ಕುಲಗೋಡ ತಮ್ಮಣ್ಣನ ಕೈಯಲ್ಲಿ ಬಯಲಾಟದ ರೂಪ ಪಡೆದ ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿ. ಮೇಳದಿಂದ ಮೇಳಕ್ಕೆ, ಬಾಯಿಂದ ಬಾಯಿಗೆ ಹರಿದುಬಂದ ಇಂಥ ಕೃತಿಯ ಒಂದು ವಹಿಯಲ್ಲಿ ಪದವೊಂದು ಬಿಟ್ಟುಹೋಗಿದ್ದರೆ, ಅಲ್ಲಿಂದ ಮುಂದಿನ ಎಲ್ಲ ಪದಗಳ ಅಂಕಿಯೂ ಒಂದೊಂದು ಹಿಂದೆ ಸರಿಯುತ್ತದೆ. ಪ್ರತಿ ಪದವೂ ಶುದ್ಧ. ಅಂಕಿ ಮಾತ್ರ ಎಲ್ಲವೂ ತಪ್ಪು. ಬೆನ್ನೆಲುಬಿನಲ್ಲಿಯೂ ಪ್ರತಿಯೊಂದು ಮಣಿಯ ಅಂಚು ಕೂದಲೆಳೆಯಷ್ಟೂ ತಪ್ಪದೆ, ಹೆಸರುಗಳೆಲ್ಲ ಒಂದು ಮನೆ ಸರಿದಿರುವುದು ಸಾಧ್ಯ. ಶಸ್ತ್ರಚಿಕಿತ್ಸೆಯ ಕತ್ತಿ ಹೆಸರನ್ನು ಹಿಡಿದು ಹೋಗುತ್ತದೆಯೇ ಹೊರತು ಅಂಚನ್ನು ಹಿಡಿದಲ್ಲ.

ಹೆಸರೇಕೆ ತಪ್ಪುತ್ತದೆ? ಟೊಂಕದ ಚಿತ್ರದಲ್ಲಿ ಸಾಮಾನ್ಯವಾಗಿ ಟೊಂಕ ಮಾತ್ರ ಇರುತ್ತದೆ, ಗೋಣು ಇರುವುದಿಲ್ಲ. ಆದ್ದರಿಂದ ಕೆಳಗಿನಿಂದ, ಬೆಸೆದ ಎಲುಬಿನ ಮೇಲಿನಿಂದ, ಐದು, ನಾಲ್ಕು, ಮೂರು ಎಂದು ಎಣಿಸುತ್ತಾರೆ. ಆದರೆ ಎಲ್ಲರಿಗೂ ಟೊಂಕದ ಮಣಿಗಳು ಐದೇ ಇರುವುದಿಲ್ಲ. ಕೆಲವರಲ್ಲಿ ಐದನೆಯದು ಕೆಳಗಿನ ಎಲುಬಿಗೆ ಬೆಸೆದುಕೊಂಡಿರುತ್ತದೆ, ಲೋಪಸಂಧಿಯ ಹಾಗೆ, ಕಾಣುವುದು ನಾಲ್ಕೇ. ಕೆಲವರಲ್ಲಿ ಕೆಳಗಿನ ಬೆಸುಗೆಯಿಂದ ಒಂದು ಮಣಿ ಬಿಡಿಯಾಗಿ ನಿಂತು ಆರು ಕಾಣುತ್ತವೆ. ಇಂಥವರು ಎಷ್ಟು ಮಂದಿ ಎಂಬುದಕ್ಕೆ ಒಂದೊಂದು ಅಧ್ಯಯನ ಒಂದೊಂದು ಲೆಕ್ಕ ಕೊಡುತ್ತದೆ. ನೂರಕ್ಕೆ ನಾಲ್ಕು ಎಂಬುದರಿಂದ ಮೂವತ್ತನ್ನು ಮೀರಿದ್ದರ ವರೆಗೂ ಉಂಟು. ಕಡಿಮೆಯದನ್ನೇ ಹಿಡಿದರೂ ಇದು ಅಪರೂಪವಲ್ಲ.

ನಮ್ಮ ಕಡೆಯ ನೆಂಟರೊಬ್ಬರಿಗೆ, ಕಬ್ಬಿನ ಹೊರೆ ಹೊತ್ತು ಬೆನ್ನು ಕೆಡಿಸಿಕೊಂಡವರಿಗೆ, ಒಂದು ಊರಿನಲ್ಲಿ ತೆಗೆದ ಚಿತ್ರದ ವರದಿ ‘ಎಲ್-4, ಎಲ್-5’ ಎಂದಿತು. ಎರಡು ವರ್ಷಗಳ ಮೇಲೆ ಇನ್ನೊಂದು ಊರಿನ ವರದಿ ‘ಎಲ್-5, ಎಸ್-1’ ಎಂದಿತು. ಹಳೆಯ ನೋವು ಹೋಗಿ ಹೊಸದೊಂದು ಹುಟ್ಟಿತೆಂದು ಮನೆಯವರು ಕಂಗಾಲಾದರು. ಮೂರನೆಯ ವೈದ್ಯರು, ವಯಸ್ಸಾದವರು, ಎರಡೂ ಹಾಳೆಗಳನ್ನು ಪಕ್ಕಪಕ್ಕ ತೂಗುಹಾಕಿ ನೋಡಿದರು. ಗೋಣಿನಿಂದ ಕೆಳಗಿನ ವರೆಗೆ ಪೂರ್ಣ ಬೆನ್ನಿನ ಒಂದು ಚಿತ್ರ ತೆಗೆಸಿದರು. ಗೋಣಿನ ಎರಡನೆಯ ಮಣಿಯಿಂದ ಎಣಿಸುತ್ತ ಬಂದರು. ಆ ಮಣಿಗೆ ಮೇಲೆ ಚಾಚಿದ ಹಲ್ಲಿನಂಥ ಗುರುತಿರುವುದರಿಂದ ಅದು ಎಂದೂ ಮೋಸ ಮಾಡುವುದಿಲ್ಲ. ನೆಂಟರ ಟೊಂಕದಲ್ಲಿ ಬಿಡಿಯಾಗಿ ಕಾಣುವ ಮಣಿಗಳು ಆರಿದ್ದವು. ಮೆತ್ತೆ ಒಂದೇ, ಒಬ್ಬರು ಆರನೆಯ ಮಣಿಯನ್ನು ಟೊಂಕಕ್ಕೆ ಸೇರಿಸಿ ಎಣಿಸಿದ್ದರು, ಇನ್ನೊಬ್ಬರು ಕೆಳಗಿನ ಎಲುಬಿಗೆ ಬಿಟ್ಟಿದ್ದರು.

ಗಣಕಯಂತ್ರಕ್ಕೆ ಈ ಗೊಂದಲ ಇನ್ನೂ ಹೆಚ್ಚು. ಅದು ಕಲಿತ ಚಿತ್ರಗಳಲ್ಲಿ ಬಹುಪಾಲು ಐದು ಮಣಿಯವೇ. ಛಂದಸ್ಸಿನ ಗಣ ತಪ್ಪಿದಲ್ಲೆಲ್ಲ ಕವಿಯ ಅಕ್ಷರವನ್ನೇ ತಿದ್ದಿಬಿಡುವ ಅವಸರದ ಸಂಪಾದಕರಿದ್ದಾರಲ್ಲ, ಹಾಗೆ ಅದೂ ಆರನ್ನು ಐದಕ್ಕೆ ತಿದ್ದಲು ಹೋಗುತ್ತದೆ. ಮ್ಯೂನಿಕ್ಕಿನ ಸಂಶೋಧಕರ ನೇತೃತ್ವದಲ್ಲಿ 2019 ಮತ್ತು 2020ರಲ್ಲಿ ‘ವರ್ಸ್’ ಎಂಬ ಸ್ಪರ್ಧೆ ನಡೆಯಿತು. 355 ರೋಗಿಗಳ 374 ಸಿ.ಟಿ. ಚಿತ್ರಗಳು, ಅವುಗಳಲ್ಲಿ ಗುರುತು ಹಾಕಿದ 4505 ಮಣಿಗಳು. ಹದಿಮೂರನೆಯ ಎದೆಯ ಮಣಿ, ಆರನೆಯ ಟೊಂಕದ ಮಣಿ ಇರುವ ಬೆನ್ನುಗಳನ್ನೂ ಬೇಕೆಂದೇ ಸೇರಿಸಿದ್ದರು. 25 ವಿಧಾನಗಳನ್ನು ಒರೆಗೆ ಹಚ್ಚಿದಾಗ ಗೆದ್ದವರನ್ನೂ ಸೋತವರನ್ನೂ ಬೇರ್ಪಡಿಸಿದ್ದು ಬಹುಮಟ್ಟಿಗೆ ಇಂಥ ಅಪರೂಪದ ಬೆನ್ನುಗಳಲ್ಲಿ ಮಣಿಯನ್ನು ಸರಿಯಾಗಿ ಗುರುತಿಸುವ ಶಕ್ತಿಯೇ.

ಇನ್ನು ಕೂಡಿಸುವುದು. ಇದರ ಅಗತ್ಯವೇನೆಂದರೆ, ಬೆನ್ನಿಗೆ ಹಬ್ಬಿದ ಅರ್ಬುದಕ್ಕೆ ವಿಕಿರಣ ಕೊಡಬೇಕಾದಾಗ ಅರ್ಬುದ ಮತ್ತು ಬೆನ್ನುಹುರಿ ಚೆನ್ನಾಗಿ ಕಾಣುವುದು ಎಂ.ಆರ್.ಐ.ಯಲ್ಲಿ, ಕಿರಣದ ಪ್ರಮಾಣವನ್ನು ಲೆಕ್ಕ ಹಾಕುವುದು ಸಿ.ಟಿ.ಯ ಅಂಕಿಗಳಿಂದ. ಎರಡೂ ಒಂದರ ಮೇಲೊಂದು ಕೂಡದಿದ್ದರೆ ಕಿರಣ ಬೀಳುವುದು ಹುರಿಯ ಮೇಲೆ. ಮುರಿದ ಬೆನ್ನಿಗೆ ತಿರುಪುಮೊಳೆ ಹಾಕುವಾಗಲೂ ಹೀಗೆಯೇ. ಮೊಳೆ ಹೋಗಬೇಕಾದ ಎಲುಬಿನ ಸೇತುವೆ ಎದೆಯ ನಡುಭಾಗದಲ್ಲಿ ಐದು ಮಿಲಿಮೀಟರಿನ ಆಸುಪಾಸು ಅಗಲ. ಅದರ ಒಳಮಗ್ಗುಲಿಗೆ ಬೆನ್ನುಹುರಿ.

ಆದರೆ ಒಂದರಲ್ಲಿ ಬಿಳಿ, ಇನ್ನೊಂದರಲ್ಲಿ ಕಪ್ಪು ಇರುವ ಚಿತ್ರಗಳನ್ನು ಹೊಂದಿಸುವುದೆಂತು? ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಮೋಡಿ ಲಿಪಿಯ ಕಾಗದಗಳಿರುತ್ತವೆ. ಮೋಡಿ ಬಾರದವನ ಕೈಗೆ ಒಂದು ಕಾಗದವೂ, ಅದೇ ಕಾಗದದ ಬಾಲಬೋಧ ನಕಲೂ ಸಿಕ್ಕಿತೆನ್ನಿ. ಅಕ್ಷರದ ಆಕಾರಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಇಲ್ಲಿ ಈ ಗುರುತು ಬಂದಲ್ಲೆಲ್ಲ ಅಲ್ಲಿ ಆ ಅಕ್ಷರ ಬರುತ್ತದೆಯೇ ಎಂದು ನೋಡಬೇಕು. ಸಾಲುಗಳು ಸರಿಯಾಗಿ ಎದುರುಬದುರಾಗಿದ್ದರೆ ಈ ನಿಯತಿ ತಾನಾಗಿ ಕಾಣುತ್ತದೆ. ಒಂದು ಸಾಲು ಸರಿದಿದ್ದರೆ ಎಲ್ಲವೂ ಕಲಸುಮೇಲೋಗರ. ಅಮೆರಿಕದ ಎಂ.ಐ.ಟಿ.ಯ ವಯೋಲಾ, ವೆಲ್ಸ್ ಅವರೂ, ಬೆಲ್ಜಿಯಮಿನ ಲೂವೆನ್ನಿನ ಕೊಲಿನ್ಯೋನ್, ಮಾಸ್ ಮೊದಲಾದವರೂ 1995ರಲ್ಲಿ ಸ್ವತಂತ್ರವಾಗಿ ಕಂಡುಕೊಂಡದ್ದು ಇದನ್ನೇ. ಬಿಳಿಗೆ ಬಿಳಿ ಹುಡುಕಬೇಡ. ಒಂದರ ಬಣ್ಣ ತಿಳಿದರೆ ಇನ್ನೊಂದರದು ಎಷ್ಟರಮಟ್ಟಿಗೆ ಊಹೆಗೆ ಸಿಗುತ್ತದೆಂದು ನೋಡು, ಆ ಊಹೆ ಅತ್ಯಂತ ಖಚಿತವಾಗುವ ಹಾಗೆ ಚಿತ್ರವನ್ನು ಸರಿಸು.

ಬೆನ್ನಿಗೆ ಇನ್ನೊಂದು ಕಷ್ಟವಿದೆ. ತಲೆಬುರುಡೆ ಗಟ್ಟಿ, ಒಂದೇ ಸಲಕ್ಕೆ ಕೂಡುತ್ತದೆ. ಬೆನ್ನು ಬಾಗುತ್ತದೆ. ಒಂದು ದಿನ ಮಂಡಿಯ ಕೆಳಗೆ ದಿಂಬಿಟ್ಟು ಮಲಗಿಸಿರುತ್ತಾರೆ, ಇನ್ನೊಂದು ದಿನ ಇಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಬೋರಲು. ಇಡೀ ಚಿತ್ರವನ್ನು ರಬ್ಬರಿನಂತೆ ಎಳೆದು ಹೊಂದಿಸಿದರೆ ಮೆತ್ತೆಯ ಜೊತೆಗೆ ಎಲುಬೂ ಎಳೆದಂತಾಗಿ ಅಳತೆ ಸುಳ್ಳಾಗುತ್ತದೆ. ಬಾಗುವುದು ಸರ, ಮಣಿಯಲ್ಲ. ಆದುದರಿಂದಲೇ ಬಿಡಿಸುವುದು ಮೊದಲು, ಕೂಡಿಸುವುದು ಆಮೇಲೆ: ಮಣಿಗಳನ್ನು ಬೇರ್ಪಡಿಸಿ, ಒಂದೊಂದನ್ನೂ ಅದರ ಜೋಡಿಯೊಡನೆ ಗಟ್ಟಿಯಾಗಿ ಹೊಂದಿಸಿ, ನಡುವಿನ ಮೆತ್ತೆಗಳಿಗೆ ಮಾತ್ರ ಬಾಗಲು ಬಿಡುವುದು. ಬಿಡಿಸುವಾಗ ಎಣಿಕೆ ತಪ್ಪಿದ್ದರೆ ಇಲ್ಲಿ ನಾಲ್ಕನೆಯದು ಐದನೆಯದರ ಮೇಲೆ ಬಲು ಅಂದವಾಗಿ ಕೂಡುತ್ತದೆ. ಅಕ್ಕಪಕ್ಕದ ಮಣಿಗಳು ಅಷ್ಟೊಂದು ಒಂದೇ ರೂಪದವು.

ಯಂತ್ರದ ಬಗ್ಗೆ ನನ್ನ ಮುಖ್ಯ ತಕರಾರು ಇನ್ನೊಂದು. ಓಲೆಯಲ್ಲಿ ಹುಳು ತಿಂದ ಜಾಗವನ್ನು ಊಹೆಯಿಂದ ತುಂಬಿದ ಸಂಪಾದಕ ಅದನ್ನು ಕಂಸದೊಳಗೆ ಇಡುತ್ತಾನೆ. ಓದುಗನಿಗೆ ಇದು ಕವಿಯದಲ್ಲ, ನನ್ನದು ಎಂದು ತಿಳಿಸುತ್ತಾನೆ. ಹಿಂದೆ ಹಾಕಿದ ಲೋಹದ ಮೊಳೆಯಿಂದ ಚಿತ್ರ ಚೆದುರಿಹೋದ ಕಡೆಯಲ್ಲಿ ಯಂತ್ರವೂ ಊಹೆಯಿಂದಲೇ ಗೆರೆ ಎಳೆಯುತ್ತದೆ. ಆದರೆ ಆ ಗೆರೆ ಉಳಿದ ಗೆರೆಗಳಷ್ಟೇ ದಪ್ಪ, ಅಷ್ಟೇ ನಿಸ್ಸಂಶಯ. ಎಲ್ಲಿ ತನಗೆ ಅನುಮಾನವಿದೆ ಎಂಬುದನ್ನೂ ಬಣ್ಣದಲ್ಲಿ ತೋರಿಸುವ ವಿಧಾನಗಳ ಮೇಲೆ ಕೆಲಸ ನಡೆದಿದೆ. ಅವು ಪ್ರಯೋಗಶಾಲೆಯಿಂದ ದವಾಖಾನೆಗೆ ಬೇಗ ಬರಬೇಕು.

ನಮ್ಮ ನಾಡಿನ ಬೆನ್ನುಗಳ ಮಾತೂ ಇದರೊಡನೆ ಸೇರಿದೆ. ರಾಯಚೂರು, ಕೋಲಾರ, ಪಾವಗಡಗಳ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮಣಿಗಳ ನಡುವಿನ ಕಟ್ಟುನಾರು ಸುಣ್ಣಗಟ್ಟಿ, ಬೆನ್ನೆಲ್ಲ ಬಿದಿರಿನ ಗಳದಂತೆ ಒಂದಾಗುವುದುಂಟು. ಭಾರತದಲ್ಲಿ ಈ ರೋಗವನ್ನು 1937ರಲ್ಲಿಯೇ ನೆಲ್ಲೂರಿನ ಕಡೆ ಗುರುತಿಸಿ ವರದಿ ಮಾಡಿದ್ದರು. ಪರ್ಸಿವಲ್ ಪಾಟ್ 1779ರಲ್ಲಿ ವರ್ಣಿಸಿದ ಬೆನ್ನಿನ ಕ್ಷಯ ಯೂರೋಪಿನಲ್ಲಿ ಅಪರೂಪವಾಗಿದ್ದರೂ ನಮ್ಮಲ್ಲಿ ಹಾಗಿಲ್ಲ. ಅದು ಎರಡು ಮಣಿಗಳನ್ನು ನಡುವಿನ ಮೆತ್ತೆಯ ಸಮೇತ ತಿಂದು ಒಂದು ಮುದ್ದೆ ಮಾಡಿಬಿಡುತ್ತದೆ. ಆ ಮುದ್ದೆಯನ್ನು ಒಂದೆಂದು ಎಣಿಸಬೇಕೋ ಎರಡೆಂದೋ? ಮ್ಯೂನಿಕ್, ಬಾಸೆಲ್‌ಗಳ ಆಸ್ಪತ್ರೆಗಳಲ್ಲಿ ಕಲಿತ ಯಂತ್ರ ಇಂಥ ಬೆನ್ನುಗಳನ್ನು ಹೆಚ್ಚಾಗಿ ಕಂಡಿರಲಾರದು. ಚಿತ್ರಯಂತ್ರಗಳನ್ನು ಮಾಡುವ ಜಿ.ಇ., ಫಿಲಿಪ್ಸ್, ಸೀಮೆನ್ಸ್ ಕಂಪನಿಗಳಿಗೆ ಬೆಂಗಳೂರಿನಲ್ಲಿಯೇ ದೊಡ್ಡ ಕೇಂದ್ರಗಳಿವೆ. ರಾಮಚಂದ್ರನ್ ಕೆಲಸ ಮಾಡಿದ ಸಂಸ್ಥೆಯೂ ಅಲ್ಲಿಯೇ ಇದೆ. ಬೆನ್ನುಗಳು ರಾಯಚೂರಿನಲ್ಲಿಯೂ ಬೆಳಗಾವಿಯಲ್ಲಿಯೂ ಇವೆ. ರೋಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಒಂದೊಂದು ಮಣಿಗೂ ಕೈಯಾರೆ ಗುರುತು ಹಾಕುವ ಆ ಬೇಸರದ ಕೆಲಸಕ್ಕೆ ಕುಳಿತುಕೊಳ್ಳಬೇಕಾದವರು ಇಲ್ಲಿಯ ವೈದ್ಯರು. ಒಂದು ಬೆನ್ನಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಲ್ಲಿಯ ತನಕ, ಕುಲಗೋಡದಿಂದ ಹೊರಡುವವರು ಹಳೆಯ ಲಕೋಟೆಯನ್ನು ಅಟ್ಟದ ಮೇಲೆ ಬಿಡದೆ ಜೊತೆಗೆ ಒಯ್ಯುವುದು ಲೇಸು. ಎಣಿಸುವವರಿಗೆ ಎರಡನೆಯ ಪ್ರತಿ ಬೇಕಾಗುತ್ತದೆ.